ಮೇಣದ ಮನೆ, ಏಲದ ಸೌತೆ

ಮಾರ್ಟಿನ್ ಲೂಥರ್ 1517ರಲ್ಲಿ ವಿಟೆನ್‌ಬರ್ಗಿನ ಚರ್ಚಿನ ಬಾಗಿಲಿಗೆ ತನ್ನ 95 ವಾದಗಳ ಹಾಳೆಯನ್ನು ಮೊಳೆ ಹೊಡೆದು ಜಡಿದನೋ, ಅಲ್ಲ ಬಿಷಪ್ಪರಿಗೆ ಕಾಗದ ಬರೆದು ಸುಮ್ಮನಾದನೋ ಎಂದು ಪಂಡಿತರು ಇನ್ನೂ ಜಗಳಾಡುತ್ತಿದ್ದಾರಂತೆ. ಆಡಿಕೊಳ್ಳಲಿ. ಮುಂಬಯಿಯ ಪವಾಯಿಯಲ್ಲಿ ನಮ್ಮ ಮನೆಯ ಹಿಂದಿನ ಕಂಪೌಂಡ್ ಗೋಡೆಯ ಹತ್ತಿರ ಆ ವ್ಯಾಜ್ಯ ಇತ್ಯರ್ಥವಾಗದೆ ಉಳಿದಿದೆ, ಆಗಾಗ ವಿಚಾರಣೆಗೂ ಬರುತ್ತದೆ. ಗೋಡೆಯ ಈಚೆ ನಾನು: ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಬಾಸೆಲ್ ಮಿಶನ್ ಮನೆತನದ ಪ್ರೊಟೆಸ್ಟೆಂಟ್. ಆಚೆ ಬಾಯಮ್ಮ: ಬಜ್ಪೆ ಕಡೆಯ ಕ್ಯಾಥೊಲಿಕ್, ಪವಾಯಿಯ ಹೋಲಿ ಟ್ರಿನಿಟಿ ಚರ್ಚಿನ ಭಾನುವಾರದ ಪೂಜೆಯನ್ನು ಜ್ವರ ಬಂದರೂ ತಪ್ಪಿಸದವರು. ಅವರ ಕಟ್ಟಡ ಬೇರೆ ಸೊಸೈಟಿ, ನಮ್ಮದು ಬೇರೆ. ಇಬ್ಬರೂ ನೆಲಮಹಡಿಯವರಾದ್ದರಿಂದ ಎದೆಮಟ್ಟದ ಗೋಡೆಯೊಂದೇ ನಡುವೆ. ಮಾತು ತುಳುವಿನಲ್ಲಿ ಶುರುವಾಗಿ, ಕನ್ನಡಕ್ಕೆ ಹೊರಳಿ, ಸಿಟ್ಟು ಬಂದಾಗ ಅವರದು ಕೊಂಕಣಿಗೆ ಹತ್ತುತ್ತದೆ.

ಈ ಸಲ ವಿಚಾರಣೆಗೆ ಬಂದದ್ದು ಒಂದು ಮೇಣದ ಮನೆ.

ಸೆಪ್ಟೆಂಬರ್ ಬಂತೆಂದರೆ ಬಾಯಮ್ಮನಿಗೆ ಬಾಂದ್ರಾದ ಮೌಂಟ್ ಮೇರಿಗೆ ಹೋಗಲಿಕ್ಕುಂಟು. ಮಾತೆ ಮರಿಯಳು ಹುಟ್ಟಿದ ದಿನ ಸೆಪ್ಟೆಂಬರ್ 8. ಊರಲ್ಲಿ ಅದೇ ಮೊಂತಿ ಫೆಸ್ತ್, ಹೊಸ ಭತ್ತದ ತೆನೆ, ಹೊಸ ಅಕ್ಕಿಯ ಊಟ. ಇಲ್ಲಿ ಅದರ ಮುಂದಿನ ಭಾನುವಾರದಿಂದ ಒಂದು ವಾರ ಬಾಂದ್ರಾ ಫೇರ್. ಬೆಸ್ಟ್‌ನವರು ಹೆಚ್ಚಿನ ಬಸ್ಸು ಬಿಡುತ್ತಾರೆ. ಮೀನುಗಾರ ಕೋಳಿ ಸಮುದಾಯದ ಹೆಂಗಸರು ಮುಡಿಗೆ ಹೂ ಮುಡಿದು ‘ಮೋತ್ ಮಾವಲಿ’ಯ ದರ್ಶನಕ್ಕೆ ಗುಡ್ಡ ಹತ್ತುತ್ತಾರೆ. ದಾರಿಯ ಎರಡೂ ಬದಿ ಮೇಣದ ಅಂಗಡಿಗಳು. ಕೈ ನೋವಿದ್ದವರಿಗೆ ಮೇಣದ ಕೈ, ಕಾಲು ನೋವಿದ್ದವರಿಗೆ ಮೇಣದ ಕಾಲು, ಮಕ್ಕಳಿಲ್ಲದವರಿಗೆ ಮೇಣದ ಮಗು, ವಿದೇಶಕ್ಕೆ ಹೊರಟವರಿಗೆ ವಿಮಾನ, ಮನೆ ಬೇಕಾದವರಿಗೆ ಮನೆ. ಕೊಂಡು, ಮೆಟ್ಟಿಲು ಹತ್ತಿ, ಒಪ್ಪಿಸಿ ಬರುವುದು.

ಬಾಯಮ್ಮನ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿ ಎಷ್ಟೋ ಕಾಲವಾಯಿತು. ‘ಹೋಗಿ’ ಎಂದರೆ ಮೀಟಿಂಗಿಗೆ ಹೋಗಿ. ಬಿಲ್ಡರ್ ನಕ್ಷೆ ತೋರಿಸುತ್ತಾನೆ, ಸಮೋಸ ತಿನ್ನಿಸುತ್ತಾನೆ, ಕಾರ್ಪೆಟ್ ಏರಿಯಾ ಎಷ್ಟು ಎಂದು ಕೇಳಿದರೆ ಫೋನು ಬಂತೆಂದು ಎದ್ದು ಹೋಗುತ್ತಾನೆ. ಹಾಗಾಗಿ ಈ ಸೆಪ್ಟೆಂಬರಿನಲ್ಲಿ ಅವರು ಕೈಕಾಲು ಬಿಟ್ಟು ಮನೆಯನ್ನೇ ಕೊಂಡರು. ಒಪ್ಪಿಸುವ ಮೊದಲು ನನಗೆ ತೋರಿಸಬೇಕೆಂದು ಹಿಂದಿನ ದಿನವೇ ತರಿಸಿ, ಗೋಡೆಯ ಮೇಲೆ ಹಳೆಯ ‘ದಿವೊ’ ಪತ್ರಿಕೆಯ ಹಾಳೆ ಹಾಸಿ ಇಟ್ಟರು.

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಬಿಳಿ ಮೇಣ. ಅಂಗೈಯಗಲದ ಮನೆ. ಮುಂದೆ ಒಂದು ಬಾಗಿಲು, ಅದರ ಅಕ್ಕಪಕ್ಕ ಎರಡು ಕಿಟಕಿ. ಅಚ್ಚಿನ ಅಂಚು ಸರಿಯಾಗಿ ಬಿಡದೆ ಎಡಗಿಟಕಿ ಅರ್ಧ ಮುಚ್ಚಿಹೋಗಿತ್ತು. ಮೇಲೆ ಇಳಿಜಾರು ಮಾಡು, ಮಾಡಿನ ತುಂಬ ಸಾಲುಸಾಲಾಗಿ ಗೀರು.

“ಇದು ಹಂಚಿನ ಮನೆ, ಬಾಯಮ್ಮ! ನಿಮಗೆ ಬೇಕಾದ್ದು ಹದಿನಾಲ್ಕನೇ ಮಹಡಿಯಲ್ಲಿ ಟೂ ಬಿಎಚ್‌ಕೆ ಅಲ್ವಾ?”

“ಫ್ಲ್ಯಾಟಿನ ಅಚ್ಚು ಇಲ್ವಂತೆ ಟೀಚರೇ. ಕೇಳಿದೆ. ಮಾತೆಗೆ ಅರ್ಥ ಆಗ್ತದೆ.”

“ಬಜ್ಪೆಯಲ್ಲಿ ಹಂಚಿನ ಮನೆ ಕೊಟ್ಟು ಕಳಿಸಿದ್ರೆ?”

“ಕೊಡಲಿ! ಪವಾಯಿ ಫ್ಲ್ಯಾಟಿಗಿಂತ ಅದೇ ಚಂದ.”

ನಗು ಮುಗಿದ ಮೇಲೆ ನಾನು ನನ್ನ ಹಳೆಯ ತಕರಾರು ತೆಗೆದೆ. ದೇವರ ಕೃಪೆ ಪುಕ್ಕಟೆ, ಅದಕ್ಕೆ ಬೆಲೆ ಕಟ್ಟಬಾರದು, ಲೂಥರ್ ಜಗಳ ತೆಗೆದದ್ದೇ ಅದಕ್ಕೆ. ಮೇಣ ಕೊಟ್ಟು ಮನೆ ಕೇಳಿದರೆ ಅದು ಪ್ರಾರ್ಥನೆಯೋ ಬುಕಿಂಗ್ ಅಡ್ವಾನ್ಸೋ? ಬಾಯಮ್ಮ ಕೇಳಿಸಿಕೊಂಡರು. ಹಾಳೆಯಲ್ಲಿ ಮನೆ ಸುತ್ತಿದರು. “ನಿಮ್ಮವರಿಗೆ ಮೊದಲಿಂದಲೂ ಹಾಗೆ, ಎಲ್ಲದಕ್ಕೂ ಪರೀಕ್ಷೆ” ಎಂದು ಒಳಗೆ ಹೋದರು.

ಅವರ ಮಾತು ಸುಳ್ಳಲ್ಲ. ಆ ಮೇಣದ ಮಾಡಿಗೂ ನಮ್ಮವರಿಗೂ ಹತ್ತಿರದ ಸಂಬಂಧವೇ ಇದೆ. 1834ರಲ್ಲಿ ಬಾಸೆಲ್ಲಿನಿಂದ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಸಭೆ ಸೇರಿದವರಲ್ಲಿ ಬಹಳ ಜನ ಬಿಲ್ಲವರು, ಕಸುಬು ಶೇಂದಿ ಇಳಿಸುವುದು. ಈ ಜರ್ಮನರೋ ಕಟ್ಟಾ ಭಕ್ತಿಪಂಥದವರು. ಶೇಂದಿ ಕುಡಿಯಲೂ ಬಾರದು, ಇಳಿಸಲೂ ಬಾರದು. ಮರದಿಂದ ಇಳಿದವನ ಹೊಟ್ಟೆಗೇನು? ಅದಕ್ಕಾಗಿ ಮಗ್ಗ ಹಾಕಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬಾತ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ. ನೇತ್ರಾವತಿಯ ದಂಡೆಯ ಜೇಡಿಮಣ್ಣು ಹಂಚಾಗಿ, ಹಡಗೇರಿ ಮುಂಬಯಿಗೆ ಬಂದು ಇಲ್ಲಿಯ ಮನೆ, ಚಾಳು, ಗೋದಾಮುಗಳ ತಲೆಯ ಮೇಲೆ ಕೂತಿತು. ನನ್ನ ಅಜ್ಜ ಜೆಪ್ಪುವಿನಲ್ಲೇ ದುಡಿದವರು. ಮೊದಲ ಮಹಾಯುದ್ಧವಾದ ಮೇಲೆ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದರೂ ಅಜ್ಜ ಕಡೆತನಕ ‘ಮಿಶನ್ ಕಾರ್ಖಾನೆ’ ಎಂದೇ ಹೇಳುತ್ತಿದ್ದರಂತೆ. ಶೇಂದಿ ಬಿಟ್ಟವರು ಹಂಚು ಹಿಡಿದರು. ಆ ಹಂಚು ಈಗ ಮೇಣವಾಗಿ ಮರಿಯಮ್ಮನ ಮುಂದೆ ಕೂರುತ್ತದೆ. ಅಜ್ಜನಿಗೆ ಗೊತ್ತಾಗಿದ್ದರೆ ಒಂದು ಹೊತ್ತು ಊಟ ಬಿಡುತ್ತಿದ್ದರು.

ಏಕೆಂದರೆ ನಮ್ಮ ಮನೆಯಲ್ಲಿ ಹರಕೆ ಎಂಬ ಮಾತೇ ನಿಷಿದ್ಧ. ಕಟ್ಟುವ ಹಾಗಿಲ್ಲ, ಹೊರುವ ಹಾಗಿಲ್ಲ, ಬೇರೆಯವರ ಹರಕೆಯ ಪ್ರಸಾದ ಬಂದರೆ ಅಮ್ಮ ಉಪಾಯವಾಗಿ ಪಕ್ಕದ ಮನೆಗೆ ದಾಟಿಸುತ್ತಿದ್ದರು. ಜನವರಿಯಲ್ಲಿ ಕಾರ್ಕಳದ ಅತ್ತೂರಿನಲ್ಲಿ ಸಾಂತ್ಮಾರಿ. ಸಂತ ಲಾರೆನ್ಸರ ಜಾತ್ರೆ. ಜಾತಿಮತ ನೋಡದೆ ಇಡೀ ತುಳುನಾಡು ಅಲ್ಲಿ ಮೇಣದಬತ್ತಿ ಹಚ್ಚುತ್ತದೆ. 2016ರಲ್ಲಿ ಆ ಚರ್ಚು ಬೆಸಿಲಿಕಾ ಕೂಡ ಆಯಿತು. ನಾವೂ ಹೋಗುತ್ತಿದ್ದೆವು. ಆದರೆ ಸಂತೆಗೆ. ಬಳೆ, ಖರ್ಜೂರ, ಮಿಠಾಯಿ ಕೊಂಡು, ಚರ್ಚಿನ ಕಡೆ ಬೆನ್ನು ಹಾಕಿ ಬಸ್ಸು ಹತ್ತುವುದು. ಸಿದ್ಧಾಂತಕ್ಕೆ ಭಂಗವಿಲ್ಲ, ಬಾಯಿಗೂ ಭಂಗವಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಪ್ರೊಟೆಸ್ಟೆಂಟರು ಗೆದ್ದಂತಾಗುತ್ತದೆ. ಆದರೆ ಬಾಯಮ್ಮ ಒಮ್ಮೆ ನಮ್ಮ ಬೆಳೆಹಬ್ಬದ ಕಥೆ ಕೇಳಿಸಿಕೊಂಡುಬಿಟ್ಟಿದ್ದಾರೆ.

ಬೆಳೆಹಬ್ಬ ನೋಡದವರಿಗೆ ಎರಡು ಮಾತು. ಊರಿನ ಸಭೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಜನ ತಮ್ಮ ಹಿತ್ತಲಿನ ತೆಂಗಿನಕಾಯಿ, ಬಾಳೆಗೊನೆ, ಕೋಳಿ, ಸೌತೆಕಾಯಿ ತಂದು ದೇವರಿಗೆ ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನೇ ಏಲಂ ಕೂಗಿ ಬಂದ ಹಣ ಸಭೆಗೆ. ಮುಂಬಯಿಯಲ್ಲಿ ನಾವು ಕನ್ನಡದ ಪ್ರೊಟೆಸ್ಟೆಂಟರು ಒಂದು ಹಿಡಿ. ಇನ್ನೊಂದು ಸಭೆಯವರ ಕಟ್ಟಡವನ್ನು ಅವರ ಆರಾಧನೆ ಮುಗಿದ ಮೇಲೆ ಪಡೆದು ನಮ್ಮದನ್ನು ನಡೆಸುತ್ತೇವೆ. ಆದರೂ ಬೆಳೆಹಬ್ಬ ಬಿಟ್ಟಿಲ್ಲ. ಬೆಳೆಯೆಲ್ಲಿಂದ? ಡಿಮಾರ್ಟಿನಿಂದ. ದೇಶದ ಮೊದಲ ಡಿಮಾರ್ಟ್ 2002ರಲ್ಲಿ ತೆರೆದದ್ದು ನಮ್ಮ ಪವಾಯಿಯಲ್ಲೇ, ಹಾಗಾಗಿ ನಮ್ಮ ಸುಗ್ಗಿ ಹೇರಳ. ಎಲೆಕೋಸು, ಪಪ್ಪಾಯಿ, ಒಂದು ಕಿಲೋ ಸಕ್ಕರೆಯ ಪೊಟ್ಟಣ (ಅದು ಯಾವ ಹಿತ್ತಲಲ್ಲಿ ಬೆಳೆಯಿತೋ) ಎಲ್ಲವೂ ವೇದಿಕೆಯ ಮುಂದೆ. ಊರಿನಿಂದ ಬಸ್ಸಿನಲ್ಲಿ ತರಿಸಿದ ಮಂಗಳೂರು ಸೌತೆಯೊಂದಿದ್ದರೆ ಅವತ್ತು ಅದೇ ರಾಜ.

ಏಲಂ ಕೂಗುವವರು ಸಭೆಯ ಹಿರಿಯರೊಬ್ಬರು, ಬ್ಯಾಂಕಿನಿಂದ ನಿವೃತ್ತರು. ಸೌತೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಐನೂರು ಒಂದು ಸರ್ತಿ” ಎನ್ನುವಾಗ ಅವರ ದನಿಗೆ ಪ್ರಸಂಗಪೀಠದಲ್ಲೂ ಇಲ್ಲದ ಕಳೆ. ನೂರು ರೂಪಾಯಿಯೂ ಬಾಳದ ಸೌತೆ ಸಾವಿರ ದಾಟುತ್ತದೆ. ಕೊಂಡವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಮತ್ತೆ ಏಲಂ. ಒಂದೇ ಸೌತೆ ಮೂರು ಸಲ ಮಾರಾಟವಾಗಿ, ಕೊನೆಗೆ ಮೆತ್ತಗಾಗಿ ಯಾರದೋ ಸಾಂಬಾರಿಗೆ ಬೀಳುತ್ತದೆ. ಇದಲ್ಲದೆ ವರ್ಷವಿಡೀ ಸ್ತೋತ್ರಕಾಣಿಕೆಯ ಲಕೋಟೆ ಬೇರೆ. ಮಗಳಿಗೆ ಕೆಲಸ ಸಿಕ್ಕಿದ್ದಕ್ಕೆ ಇಷ್ಟು, ಆಪರೇಶನ್ ಸುಸೂತ್ರವಾದದ್ದಕ್ಕೆ ಇಷ್ಟು. ಹೆಸರು, ಕಾರಣ, ಮೊತ್ತ ಮೂರನ್ನೂ ಆರಾಧನೆಯಲ್ಲಿ ಓದುತ್ತಾರೆ.

ಇದನ್ನೆಲ್ಲ ನಾನೇ ರಸವತ್ತಾಗಿ ಹೇಳಿದ್ದೆ. ಬಾಯಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೇಳಿದರು: “ಮಗಳಿಗೆ ಕೆಲಸ ಸಿಕ್ಕಿದ್ರೆ ಕೊಡ್ತೇನೆ ಅಂತ ಮೊದಲೇ ಮನಸ್ಸಲ್ಲಿ ಹೇಳಿಕೊಂಡಿರುದಿಲ್ವಾ, ಟೀಚರೇ?”

“ಹೇಳಿಕೊಂಡಿರ್ತಾರೇನೋ.”

“ನಾನು ಮೊದಲು ಕೊಡ್ತೇನೆ, ನೀವು ಕೆಲಸ ಆದ ಮೇಲೆ ಕೊಡ್ತೀರಿ. ಹಾಗಾದ್ರೆ ನಂಬಿಕೆ ಜಾಸ್ತಿ ಯಾರಿಗೆ?”

ಬೆಳ್ಳುಳ್ಳಿಯ ಸಿಪ್ಪೆ ಗಾಳಿಗೆ ನಮ್ಮ ಕಡೆಗೇ ಹಾರಿಬಂತು. ಲೂಥರನಿಗೂ ಉತ್ತರ ಹೊಳೆಯುತ್ತಿತ್ತೋ ಇಲ್ಲವೋ.

ಆಮೇಲೆ ಸತ್ಯವೇದ ತೆರೆದು ನೋಡಿದೆ. ಆದಿಕಾಂಡದ 28ನೇ ಅಧ್ಯಾಯದಲ್ಲಿ ಯಾಕೋಬನ ಕಥೆ. ಅಣ್ಣನಿಗೆ ಮೋಸಮಾಡಿ ಓಡಿಹೋಗುವವನು ಬೇತೇಲಿನಲ್ಲಿ ಕಲ್ಲಿನ ಮೇಲೆ ತಲೆಯಿಟ್ಟು ಮಲಗುತ್ತಾನೆ, ಕನಸಿನಲ್ಲಿ ದೇವರು ಮಾತಾಡುತ್ತಾನೆ. ಬೆಳಿಗ್ಗೆ ಎದ್ದವನು ಒಂದು ಕರಾರು ಮಾಡುತ್ತಾನೆ. ನೀನು ನನ್ನ ಕೂಡ ಇದ್ದು, ಉಣ್ಣಲು ಉಡಲು ಕೊಟ್ಟು, ಕ್ಷೇಮವಾಗಿ ಮನೆಗೆ ಮುಟ್ಟಿಸಿದರೆ ಆಗ ನೀನೇ ನನ್ನ ದೇವರು, ಬಂದದ್ದರಲ್ಲಿ ಹತ್ತನೇ ಪಾಲು ನಿನಗೆ. ನಮ್ಮ ಸಭಾಪಾಲಕರು ದಶಮಾಂಶದ ಮೇಲೆ ಪ್ರಸಂಗ ಮಾಡುವಾಗೆಲ್ಲ ಆ ಹತ್ತನೇ ಪಾಲನ್ನು ಎತ್ತಿ ಹೇಳುತ್ತಾರೆ, ಅದರ ಹಿಂದಿನ ‘ರೆ’ಗಳನ್ನು ಮೆಲ್ಲಗೆ ದಾಟುತ್ತಾರೆ. ಹನ್ನಳೂ ಅಷ್ಟೇ: ಮಗ ಹುಟ್ಟಿದರೆ ನಿನಗೇ ಒಪ್ಪಿಸುತ್ತೇನೆ ಎಂದು ಅತ್ತು ಹರಕೆ ಹೊತ್ತು ಸಮುವೇಲನನ್ನು ಪಡೆದಳು. ಆ ಕಥೆಯನ್ನು ನಮ್ಮ ಸಂಡೇಸ್ಕೂಲಿನಲ್ಲೇ ಕಲಿಸುತ್ತಾರೆ, ಹರಕೆ ಎಂಬ ಮಾತನ್ನು ಮಾತ್ರ ನಾಲಿಗೆಗೆ ತಾಗಿಸುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಲೂಥರ್ ಸಿಟ್ಟಾದದ್ದು ಮುದುಕಿಯರ ಮೇಣದ ಮೇಲಲ್ಲ. ಪಾಪದ ದಂಡನೆ ಮಾಫಿ ಎಂದು ಪತ್ರ ಬರೆದು ಮಾರುತ್ತಿದ್ದ ದಂಧೆಯ ಮೇಲೆ. ಅದರ ದುಡ್ಡು ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು ಹೋಗುತ್ತಿತ್ತು. 1567ರಲ್ಲಿ ಪೋಪ್ ಐದನೇ ಪಯಸ್ ಆ ಮಾರಾಟವನ್ನೇ ನಿಲ್ಲಿಸಿದರು. 1999ರ ಅಕ್ಟೋಬರ್ 31ರಂದು, ಲೂಥರನ ದಿನವೆಂದು ನಾವು ಹಾಡು ಹೇಳುವ ಅದೇ ದಿನ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಕೂತು, ಮನುಷ್ಯ ಉದ್ಧಾರವಾಗುವುದು ಕೃಪೆಯಿಂದಲೇ ಎಂಬ ಮೂಲಮಾತಿನಲ್ಲಿ ನಮಗೆ ಭೇದವಿಲ್ಲ ಎಂದು ರುಜು ಹಾಕಿದರು. 2017ರಲ್ಲಿ ರಿಫಾರ್ಮ್ಡ್ ಸಭೆಗಳೂ ಸೇರಿಕೊಂಡವು. ಅಂದರೆ ಮೇಲಿನವರು ರಾಜಿ ಮಾಡಿಕೊಂಡು ಕಾಲು ಶತಮಾನ ಕಳೆಯಿತು. ಬಾಯಮ್ಮನಿಗೆ ಹೇಳಿದೆ. “ನಮ್ಮನ್ನು ಯಾರು ಕೇಳಿದ್ರು?” ಎಂದರು.

2025ರಲ್ಲಿ ಇನ್ನೊಂದಾಯಿತು. ನೈಸಿಯಾದ ಮಹಾಸಭೆಗೆ 1700 ವರ್ಷ. ಕ್ರಿಸ್ತಶಕ 325ರಲ್ಲಿ ಬಿಷಪ್ಪರುಗಳು ಒಟ್ಟುಗೂಡಿ, ಮಗನು ತಂದೆಗೆ ಸಮನೇ, ಒಂದು ಮೆಟ್ಟಿಲು ಕೆಳಗಿನವನೇ ಎಂದು ವಾದಿಸಿ, ಸಮನೇ ಎಂದು ತೀರ್ಮಾನಿಸಿದ ಸಭೆ. ಹೊಸ ಪೋಪ್ ಹದಿನಾಲ್ಕನೇ ಲಿಯೊ ತಮ್ಮ ಮೊದಲ ಪ್ರವಾಸದಲ್ಲೇ ತುರ್ಕಿಯ ಆ ಊರಿಗೆ ಹೋಗಿಬಂದರು. ಬಾಯಮ್ಮನ ಚರ್ಚಿನಲ್ಲೂ ನಮ್ಮ ಸಭೆಯಲ್ಲೂ ಅದರ ಮೇಲೆ ಪ್ರಸಂಗವಾಯಿತು. ಗೋಡೆಯ ಹತ್ತಿರ ಟಿಪ್ಪಣಿ ತಾಳೆ ನೋಡಿದೆವು. ಎಲ್ಲ ಒಂದೇ.

“ಪಾಠ ಒಂದೇ ಆದ್ರೆ ನಮ್ಮ ಜಗಳ ಎಂತದಕ್ಕೆ, ಟೀಚರೇ?”

“ಜಗಳ ಪಾಠದಲ್ಲಿಲ್ಲ, ಮೇಣದಲ್ಲಿ.”

ನಮ್ಮ ವಾದದ ನಡುವೆ ಆಗಾಗ ಬಾಯಿ ಹಾಕುವವರು ಶೆಟ್ರು. ಇಲ್ಲೇ ಹೋಟೆಲಿಟ್ಟವರು, ಅವರ ಮೊಮ್ಮಕ್ಕಳು ಪವಾಯಿಯ ಬಂಟರ ಸಂಘದ ಎಸ್.ಎಂ. ಶೆಟ್ಟಿ ಶಾಲೆಗೆ ಹೋಗುತ್ತಾರೆ. ಹೋಟೆಲಿನ ಲೈಸೆನ್ಸು ಯಾವುದೋ ಟೇಬಲ್ಲಿನಲ್ಲಿ ಸಿಕ್ಕಿಕೊಂಡಾಗ ಅವರು ಮಾಹಿಮಿನ ಸೈಂಟ್ ಮೈಕಲ್ ಚರ್ಚಿನಲ್ಲಿ ನಡೆಯುವ ಮಾತೆ ಮರಿಯಳ ನೊವೆನಾಕ್ಕೆ ಒಂಬತ್ತು ಬುಧವಾರ ಹೋದರು. 1948ರಲ್ಲಿ ಶುರುವಾದ ಆ ಬುಧವಾರಗಳಿಗೆ ಹಿಂದೂ, ಪಾರ್ಸಿ, ಮುಸಲ್ಮಾನರೆಲ್ಲ ಬರುತ್ತಾರೆ. ಶೆಟ್ರಿಗೆ ಕನ್ಯಾಮಾತೆಯ ಬಗ್ಗೆ ಯಾವ ಸಿದ್ಧಾಂತವೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಒಂಬತ್ತರಲ್ಲಿ ಒಂದೂ ತಪ್ಪಬಾರದು, ಅಷ್ಟೇ ಅವರ ಥಿಯಾಲಜಿ. ಇಲ್ಲಿಯ ಐಐಟಿಯ ಹುಡುಗರೂ ಬೇರೆಯಲ್ಲ; ಕ್ಯಾಂಪಸ್ಸಿನ ಒಳಗೆ, ಪವಾಯಿ ಕೆರೆಯ ದಂಡೆಯಲ್ಲಿ ಪದ್ಮಾವತಿ ದೇವಿಯ ಗುಡಿಯಿದೆ, ಪರೀಕ್ಷೆಯ ಕಾಲದಲ್ಲಿ ಆ ತಾಯಿಗೆ ಬಿಡುವಿರಲಾರದು.

ನನಗೆ ಈಗ ಅನ್ನಿಸುವುದೇನೆಂದರೆ, ಈ ಕೊಡು-ಕೊಳ್ಳುವುದನ್ನು ನಾವು ಓದಿದವರು ಬಹಳ ಹಗುರಾಗಿ ನೋಡಿದೆವು. ಚೌಕಾಶಿಯನ್ನು ಎಲ್ಲರ ಹತ್ತಿರ ಮಾಡುವುದಿಲ್ಲ. ನಾಳೆಯೂ ಅಂಗಡಿ ತೆರೆದಿರುತ್ತದೆ ಎಂಬ ಭರವಸೆ ಇದ್ದ ಕಡೆ ಮಾತ್ರ ಮಾಡುತ್ತೇವೆ. ಇಂಥ ಅಂಗಡಿಯಲ್ಲೂ ಮಾಲು ಸಿಗದೇ ಹೋಗುವುದುಂಟು. ಬಾಯಮ್ಮನ ಗಂಡ ಪೊರ್ಬುಗಳು ಎದೆಯ ಕಾಯಿಲೆಯಲ್ಲಿ ಮಲಗಿದ್ದ ವರ್ಷ ಬಾಯಮ್ಮ ಮೇಣದ ಹೃದಯ ಒಪ್ಪಿಸಿ ಬಂದಿದ್ದರು. ಪೊರ್ಬುಗಳು ಕ್ರಿಸ್ಮಸ್ಸಿಗೆ ಮುಂಚೆ ತೀರಿಕೊಂಡರು. ಮರುವರ್ಷದ ಸೆಪ್ಟೆಂಬರಿನಲ್ಲಿ ಬಾಯಮ್ಮ ಕಪ್ಪು ಸೀರೆಯಲ್ಲೇ ಮತ್ತೆ ಬಾಂದ್ರಾಕ್ಕೆ ಹೊರಟಾಗ, ಕೇಳಬಾರದಿತ್ತು, ಆದರೂ ಕೇಳಿದೆ: ಕೇಳಿದ್ದು ಕೊಡಲಿಲ್ಲವಲ್ಲ, ಮತ್ತೆ ಯಾಕೆ? ಅವರು ಸಿಟ್ಟಾಗಲಿಲ್ಲ. “ಕೊಡ್ಲಿಲ್ಲ ಅಂತ ಮಾತು ಬಿಡ್ಲಿಕ್ಕಾಗ್ತದಾ? ಈ ಸರ್ತಿ ಎಂತದೂ ಕೇಳುದಿಲ್ಲ. ಒಂದು ಬತ್ತಿ ಹಚ್ಚಿ ಬರ್ತೇನೆ” ಎಂದರು. ಕೃಪೆಯ ಮೇಲೆ ನಾನು ಕೇಳಿದ ಯಾವ ಪ್ರಸಂಗವೂ ಆ ಮಾತಿನಷ್ಟು ದೂರ ಹೋಗಿಲ್ಲ. ಹಾಗೆಂದು ಮೇಣದ ಮನೆಯ ಮೇಲಿನ ನನ್ನ ತಕರಾರನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಮುಂಬಯಿ ಎಂಬ ಊರೇ ಹರಕೆಯ ಮೇಲೆ ನಿಂತಿದೆಯೇನೋ. 1896ರಲ್ಲಿ ಪ್ಲೇಗು ಬಂದಾಗ ಇಲ್ಲಿಯ ಮೂಲನಿವಾಸಿ ಈಸ್ಟ್ ಇಂಡಿಯನ್ ಕ್ರೈಸ್ತರು ಗಾವಠಾಣಗಳ ಗಲ್ಲಿಗಲ್ಲಿಯಲ್ಲಿ ಶಿಲುಬೆ ನೆಟ್ಟರು, ಮಾರಿ ಈ ಗೆರೆ ದಾಟದಿರಲಿ ಎಂದು. ಬಾಂದ್ರಾದಲ್ಲಿ ಇವತ್ತಿಗೂ ಮನೆಯ ಮೂಲೆಗಳಲ್ಲಿ, ಸ್ಕೂಟರು ನಿಲ್ಲಿಸುವ ಜಾಗಗಳಲ್ಲಿ ಅವು ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿವೆ. 2017ರಲ್ಲಿ ಅಲ್ಲಿನ ಬಜಾರ್ ರಸ್ತೆಯ ಹಳೆಯ ಶಿಲುಬೆಯೊಂದನ್ನು ಪಾಲಿಕೆಯವರು ಕೆಡವಿ ದೊಡ್ಡ ಗದ್ದಲವಾಯಿತು. ಪ್ಲೇಗಿನ ಕಾಲವನ್ನು ದಾಟಿ ಬಂದದ್ದು ಪಾಲಿಕೆಯವರ ಮುಂದೆ ಬಿತ್ತು.

ನಮಗೆ ಹತ್ತಿರದ್ದೆಂದರೆ ಸೀಪ್ಝ್ ಒಳಗಿನ ಹಾಳುಚರ್ಚು. ಜೆವಿಎಲ್‌ಆರ್ ರಸ್ತೆ ಹಿಡಿದು ಮೆಟ್ರೊ ಕಂಬಗಳ ಧೂಳು ಕುಡಿಯುತ್ತ ಅಂಧೇರಿಯ ಕಡೆ ಹೋದರೆ ಸಿಗುವ ರಫ್ತು ವಲಯ ಅದು. ವಜ್ರ ಕೊಯ್ಯುವವರು, ಕಂಪ್ಯೂಟರಿನವರು ಒಳಗೆ, ಗೇಟಿನಲ್ಲಿ ಕಾವಲು. ಆ ಕಾವಲಿನ ಒಳಗೆ 1579ರಲ್ಲಿ ಪೋರ್ಚುಗೀಸ್ ಜೆಸ್ಯೂಯಿಟರು ಕಟ್ಟಿದ ಸ್ನಾನಿಕ ಯೋಹಾನರ ಚರ್ಚಿದೆ. 1840ರಲ್ಲಿ ಸಾಂಕ್ರಾಮಿಕ ರೋಗವೊಂದು ಊರನ್ನು ತಿಂದುಹಾಕಿದ ಮೇಲೆ ಜನ ಚರ್ಚನ್ನು ಬಿಟ್ಟು ಮರೋಳಿಗೆ ಹೋದರು. 1973ರಲ್ಲಿ ಸುತ್ತ ರಫ್ತು ವಲಯವಾಗಿ ಬೇಲಿ ಬಿತ್ತು. ಈಗ ವರ್ಷಕ್ಕೊಮ್ಮೆ, ಒಂದು ದಿನ ಗೇಟು ತೆರೆದು ಪೂಜೆಗೆ ಬಿಡುತ್ತಾರೆ. ಬಾಯಮ್ಮ ಒಂದು ವರ್ಷ ನನ್ನನ್ನೂ ಎಳೆದುಕೊಂಡು ಹೋದರು. ಮಾಡಿಲ್ಲ, ಗೋಡೆ ಮಾತ್ರ. ಗೋಡೆಯ ಬಿರುಕುಗಳಲ್ಲಿ ಬೇರು. ಎಲ್ಲ ಕಾಲದ ಎಲ್ಲ ಪಾಪಿಗಳಿಗೂ ಬಾಗಿಲು ತೆರೆದಿದೆ ಎನ್ನುವ ಧರ್ಮದ ಚರ್ಚಿಗೆ ಹೋಗಲು ವರ್ಷಕ್ಕೊಂದೇ ದಿನ, ಅದೂ ಸೆಕ್ಯುರಿಟಿಯವನ ಕಣ್ಣಳತೆಯಲ್ಲಿ. ಪೂಜೆಗೆ ಬಂದವರ ಉಡುಪು ನೋಡಬೇಕಿತ್ತು! ಈಸ್ಟ್ ಇಂಡಿಯನ್ ಅಜ್ಜಿಯರು ಕೆಂಪು ಚೌಕುಳಿಯ ಲುಗ್ಡಾ ಉಟ್ಟು, ಮದುವೆಗೆ ಬಂದವರ ಹಾಗೆ ಚಿನ್ನ ಹೇರಿಕೊಂಡು ಕೂತಿದ್ದರು.

ನಾನು ಅಲ್ಲಿ ಮಂಡಿಯೂರಲಿಲ್ಲ, ನಮ್ಮಲ್ಲಿ ರೂಢಿಯಿಲ್ಲ. ಬಾಯಮ್ಮ ನನ್ನ ಪಾಲಿನದೂ ಸೇರಿಸಿ ಎರಡು ಸಲ ಊರಿದರು.

ಇನ್ನು ಮೇಣದ ಮನೆಯ ಫಲಶ್ರುತಿ. ಬಿಲ್ಡರ್ ಹೊಸ ನಕ್ಷೆ ತಂದಿದ್ದಾನೆ, ಕಾರ್ಪೆಟ್ ಏರಿಯಾ ಈ ಸಲ ಬರವಣಿಗೆಯಲ್ಲಿದೆ. ಮಾತೆಯದೇ ಕೆಲಸ ಎಂದು ಬಾಯಮ್ಮ. ಸೊಸೈಟಿಯವರು ಒಳ್ಳೆಯ ವಕೀಲರನ್ನು ಹಿಡಿದದ್ದರ ಫಲ ಎಂದು ನಾನು. ಆ ವಕೀಲರನ್ನು ಹಿಡಿಯುವ ಬುದ್ಧಿ ಯಾರು ಕೊಟ್ಟದ್ದು ಎಂದು ಮತ್ತೆ ಅವರು. ಹೀಗೆ ಅದು ಮುಂದಿನ ವಾರಕ್ಕೆ ಹೋಯಿತು.

ನಿನ್ನೆ ಸಂಜೆ ಮಾತ್ರ ಅವರೇ ಬೇರೆ ವಿಷಯ ತೆಗೆದರು. “ನಿಮ್ಮ ಬೆಳೆಹಬ್ಬ ಯಾವಾಗ, ಟೀಚರೇ? ಈ ಸರ್ತಿ ನಾನೂ ಬರ್ತೇನೆ. ಊರಿನ ಸೌತೆ ಬಂದ್ರೆ ನಾನೇ ಬಿಡಿಸಿಕೊಳ್ತೇನೆ.”

“ಬನ್ನಿ. ಎಷ್ಟರ ತನಕ ಏರ್ತೀರಿ?”

“ತೆಕ್ಕೊಂಡವರ ಹೆಸ್ರು ಗಟ್ಟಿಯಾಗಿ ಓದ್ತಾರಾ?”

“ಓದ್ತಾರೆ.”

“ಹಾಗಾದ್ರೆ ಎಂಟುನೂರು. ಓದುದಿಲ್ಲಾಂದ್ರೆ ಐನೂರಕ್ಕೇ ನಿಲ್ತೇನೆ.”